ಮಣ್ಣು ಸಿಗದವರು

ಕೇಳುಗರೇ, ನಮಸ್ಕಾರ.

ಇವತ್ತು ಎರಡು ದೆವ್ವಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದು ಪುಟ್ಟ ಹುಡುಗ. ಹೆಸರು ಸಾಂಟಿ. ಗಿಯೆರ್ಮೊ ಡೆಲ್ ಟೊರೊ 2001ರಲ್ಲಿ ಸ್ಪ್ಯಾನಿಷ್‌ನಲ್ಲಿ ಮಾಡಿದ 'ಸೈತಾನನ ಬೆನ್ನುಮೂಳೆ' ಸಿನಿಮಾದಲ್ಲಿ ಬರುತ್ತಾನೆ.

ಅದು 1939. ಸ್ಪೇನಿನ ಅಂತರ್ಯುದ್ಧ ಮುಗಿಯುತ್ತಾ ಬಂದಿದೆ. ಬಟಾಬಯಲಲ್ಲಿ ಒಂದು ಅನಾಥಾಲಯ. ಅಂಗಳದ ನಡುವೆ ಒಂದು ಬಾಂಬ್, ಸಿಡಿಯದೆ ಹಾಗೇ ನೆಟ್ಟಗೆ ನಿಂತಿದೆ. ಅದು ಬಿದ್ದ ರಾತ್ರಿಯೇ ಸಾಂಟಿ ಕಾಣೆಯಾದ. ಅವನ ದೇಹ ನೆಲಮಾಳಿಗೆಯ ನೀರಿನ ತೊಟ್ಟಿಯಲ್ಲಿದೆ. ಅವನು ಕಾಣಿಸಿಕೊಂಡಾಗ ತಲೆಯ ಗಾಯವನ್ನು ನೋಡಬೇಕು. ರಕ್ತ ಕೆಳಗೆ ಇಳಿಯುವುದಿಲ್ಲ, ಹೊಗೆಯ ಹಾಗೆ ತೇಲಿ ಮೇಲಕ್ಕೆ ಹೋಗುತ್ತದೆ. ಪಾಪ, ಆ ಮಗು ಇನ್ನೂ ನೀರಿನಲ್ಲೇ ಇದೆ! ಹೆದರಿಕೆ ಎಲ್ಲಿ ಬರುತ್ತದೆ, ಹೊಟ್ಟೆ ಚುರ್ ಅನ್ನುತ್ತದೆ.

ಸ್ಪೇನಿನ ಎಷ್ಟೋ ಮನೆಗಳಿಗೆ ಇದು ಬರೀ ಕಥೆಯಲ್ಲ. ಆ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಎಷ್ಟೋ ಜನರನ್ನು ರಸ್ತೆ ಬದಿಯಲ್ಲೇ ಗುಂಡಿ ತೋಡಿ ಮುಚ್ಚಿದ್ದರು. ಯುದ್ಧ ಗೆದ್ದು ದೇಶ ಆಳಿದ ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ಸತ್ತ. 1977ರಲ್ಲಿ ಹಳೆಯ ರಾಜಕೀಯ ಅಪರಾಧಗಳಿಗೆ ಕ್ಷಮಾದಾನದ ಕಾನೂನು ಬಂತು. ಹಳೆಯದನ್ನು ಕೆದಕುವುದು ಬೇಡ ಅಂತ ಎಲ್ಲರೂ ಸುಮ್ಮನಾದರು. 2000ದಲ್ಲಿ ಪ್ರಿಯಾರಾಂಸಾ ಎಂಬ ಊರಲ್ಲಿ ಮೊಮ್ಮಗನೊಬ್ಬ ಅಜ್ಜನನ್ನು ಹುಡುಕಿ ನೆಲ ಅಗೆಸಿದ. 13 ಜನರ ಮೂಳೆ ಸಿಕ್ಕವು. ಸಾಂಟಿ ತೆರೆಗೆ ಬಂದದ್ದು ಅದರ ಮರುವರ್ಷ.

ಎರಡನೆಯ ದೆವ್ವ ಮಧ್ಯ ಅಮೆರಿಕದ ಗ್ವಾಟೆಮಾಲಾದ್ದು, ಅದು ಹೆಣ್ಣು. ಅಲ್ಲಿನ ಜನಪದದಲ್ಲಿ 'ಲಾ ಯೊರೋನಾ', ಅಂದರೆ ಅಳುವವಳು, ತನ್ನ ಮಕ್ಕಳನ್ನು ತಾನೇ ಮುಳುಗಿಸಿ ನೀರಿನ ದಡದಲ್ಲಿ ಅಳುತ್ತಾಳೆ. ಹೆತ್ತವಳ ಮೇಲೆಯೇ ತಪ್ಪು! ಅಲ್ಲಿನ ನಿರ್ದೇಶಕ ಜೈರೋ ಬುಸ್ತಮಾಂತೆ ಅದೇ ಹೆಸರಿನ 2019ರ ಸಿನಿಮಾದಲ್ಲಿ ಇದನ್ನೇ ತಿರುಗಿಸಿದರು. ಅವರ ಕಥೆಯಲ್ಲಿ ಮಕ್ಕಳನ್ನು ಮುಳುಗಿಸುವವರು ಸೈನಿಕರು.

ಇದರ ಹಿಂದೆಯೂ ನಿಜವಾದ ಒಂದು ಮೊಕದ್ದಮೆ ಇದೆ. ಇಶಿಲ್ ಮಾಯಾ ಎಂಬ ಮೂಲನಿವಾಸಿ ಸಮುದಾಯದ 1,771 ಜನರ ಕೊಲೆಗಾಗಿ ಗ್ವಾಟೆಮಾಲಾದ ಮಾಜಿ ಸರ್ವಾಧಿಕಾರಿ ರಿಯೋಸ್ ಮಾಂಟ್‌ಗೆ 2013ರಲ್ಲಿ 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಸಿನಿಮಾದ ಮುದಿ ಜನರಲ್ ಕೂಡ ಹಾಗೆಯೇ ಬಿಡುಗಡೆಯಾಗಿ ಮನೆಗೆ ಬರುತ್ತಾನೆ. ಹೊರಗೆ ಕಾಣೆಯಾದವರ ಫೋಟೋ ಹಿಡಿದ ಜನ ಹಗಲೂ ರಾತ್ರಿ ಕದಲುವುದಿಲ್ಲ. ಒಳಗೆ ಅವನಿಗೆ ಮಾತ್ರ ಯಾರೋ ಅಳುವುದು ಕೇಳುತ್ತದೆ.

ನನಗೆ ಜಾಸ್ತಿ ಕಾಡಿದ್ದು ಅವನ ಹೆಂಡತಿ. ಸಾಕ್ಷಿ ಹೇಳಿದ ಹೆಂಗಸರನ್ನು ಬಾಯಿಗೆ ಬಂದಂತೆ ಹಳಿದವಳು ಅವಳು. ಕೊನೆಗೆ ಕನಸಿನಲ್ಲಿ ಅವಳೇ ಆ ತಾಯಿಯಾಗುತ್ತಾಳೆ, ಅವಳ ಕಣ್ಣೆದುರೇ ಮಕ್ಕಳನ್ನು ನೀರಿನಲ್ಲಿ ಅದುಮಿ ಹಿಡಿಯುತ್ತಾರೆ.