ತೂಗುವ ತೊಟ್ಟಿಲು, ತೂಗುವ ತಕ್ಕಡಿ

ಕೇಳುಗರಿಗೆಲ್ಲ ನಮಸ್ಕಾರ.

ಅಂಗನವಾಡಿಯಲ್ಲಿ ಮಗುವಿನ ತೂಕ ನೋಡುವುದನ್ನು ನಿಮ್ಮಲ್ಲಿ ಬಹಳ ಜನ ಕಂಡಿರುತ್ತೀರಿ. ತೊಲೆಗೆ ಗಡಿಯಾರದ ಮುಖದಂಥ ಒಂದು ಸ್ಪ್ರಿಂಗ್ ತಕ್ಕಡಿ ನೇತುಹಾಕಿರುತ್ತಾರೆ. ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಮಗು. ಮಗು ಕಾಲು ಬಡಿಯುತ್ತದೆ, ಅಳುತ್ತದೆ. ಮುಳ್ಳು ಆರು ಕಿಲೋದಿಂದ ಎಂಟಕ್ಕೆ, ಎಂಟರಿಂದ ಮತ್ತೆ ಆರಕ್ಕೆ ಓಲಾಡುತ್ತದೆ. "ಸ್ವಲ್ಪ ತಡೀರಮ್ಮ, ನಿಂತ್ಕೊಳ್ಲಿ" ಎನ್ನುತ್ತಾರೆ ಕಾರ್ಯಕರ್ತೆ. ಮುಳ್ಳು ನಿಂತ ಮೇಲೆಯೇ ಕಾರ್ಡಿನಲ್ಲಿ ಅಂಕಿ ಬೀಳುವುದು.

ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಂಪನದ ಪಾಠ ಹೇಳಿಕೊಂಡು ಬಂದವನು. ಹಾಗಾಗಿ ಮುಳ್ಳು ನಿಲ್ಲುವ ತನಕ ಕಾಯುವ ತಾಳ್ಮೆ ನನಗಿಲ್ಲ. ಅದು ಓಲಾಡುವಾಗಲೇ ನನ್ನ ಕಣ್ಣು ಅದರ ಮೇಲಿರುತ್ತದೆ. ಆ ಓಲಾಟದೊಳಗೂ ಮಗುವಿನ ತೂಕ ಅಡಗಿದೆ. ಎಷ್ಟು ಬೇಗ ಅಥವಾ ಎಷ್ಟು ನಿಧಾನವಾಗಿ ಓಲಾಡುತ್ತದೆ ಎಂದು ಎಣಿಸಿದರೆ ಸಾಕು, ಮುಳ್ಳು ನಿಲ್ಲಬೇಕಾಗಿಯೇ ಇಲ್ಲ.

ನಮ್ಮ ಭಾಷೆಗೆ ಇದು ಮೊದಲೇ ತಿಳಿದಿತ್ತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಂಗಡಿಯವನು ಅಕ್ಕಿ ತೂಗುತ್ತಾನೆ. ಅಜ್ಜಿ ತೊಟ್ಟಿಲು ತೂಗುತ್ತಾಳೆ. ಭಾರ ಅಳೆಯುವುದಕ್ಕೂ ಹಿಂದೆ ಮುಂದೆ ಆಡಿಸುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ತೂಗಿ ತೂಗುವ ಈ ಕೆಲಸ ಇವತ್ತು ಗಗನಯಾತ್ರಿಯ ಕುರ್ಚಿಯಿಂದ ಹಿಡಿದು ಒಂದೇ ಒಂದು ಕ್ಯಾನ್ಸರ್ ಕೋಶದವರೆಗೆ ಹೇಗೆ ನಡೆದಿದೆ ಎಂಬುದೇ ಇಂದಿನ ನನ್ನ ಮಾತು.

ಮೊದಲು ಶಾಲೆಯಲ್ಲಿ ಓದಿದ ಒಂದು ಪದವನ್ನು ನೆನಪಿಸಿಕೊಳ್ಳೋಣ. ದ್ರವ್ಯರಾಶಿ. ರಾಶಿ ಎಂದ ಕೂಡಲೇ ಕಣದಲ್ಲಿ ಹಾಕಿದ ರಾಗಿಯ ಗುಡ್ಡೆ ಕಣ್ಣಿಗೆ ಬರುತ್ತದೆ. ವಸ್ತುವಿನಲ್ಲಿ ಎಷ್ಟು ದ್ರವ್ಯ ತುಂಬಿದೆಯೋ ಅದೇ ದ್ರವ್ಯರಾಶಿ ಎಂದು ನಾವು ಬಾಯಿಪಾಠ ಮಾಡಿದೆವು. ತಪ್ಪೇನಿಲ್ಲ. ಆದರೆ ಅದನ್ನು ಗುರುತು ಹಿಡಿಯುವ ಬಗೆ ಆ ವಾಕ್ಯದಲ್ಲಿ ಇಲ್ಲ. ತುಂಬಿದ ಗಾಡಿಯನ್ನು ಎಳೆಯುವ ಎತ್ತುಗಳನ್ನು ನೋಡಿ. ಹೊರಡಿಸುವಾಗ ಹೆಗಲು ಕೊಟ್ಟು ಜಗ್ಗಬೇಕು. ಹೊರಟ ಮೇಲೆ ಇಳಿಜಾರಿನಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ. ನಿಂತದ್ದು ಹೊರಡಲು ಒಲ್ಲೆ ಎನ್ನುತ್ತದೆ, ಹೊರಟದ್ದು ನಿಲ್ಲಲು ಒಲ್ಲೆ ಎನ್ನುತ್ತದೆ. ಈ ಮೊಂಡುತನದ ಅಳತೆಯೇ ದ್ರವ್ಯರಾಶಿ. ತೂಕವಾದರೋ ಭೂಮಿ ಎಷ್ಟು ಎಳೆಯುತ್ತದೆ ಎಂಬ ಲೆಕ್ಕ. ಚಂದ್ರನ ಮೇಲೆ ಹೋದರೆ ತೂಕ ಆರರಲ್ಲಿ ಒಂದು ಪಾಲಾಗುತ್ತದೆ, ಮೊಂಡುತನ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಈ ಮೊಂಡುತನವನ್ನು ಸ್ಪ್ರಿಂಗಿನಲ್ಲಿ ಕಟ್ಟಿ ಆಡಿಸಿದರೆ ಲೆಕ್ಕ ಬಲು ಸರಳ. ದ್ರವ್ಯರಾಶಿ ನಾಲ್ಕು ಪಟ್ಟಾದರೆ ಒಂದು ಓಲಾಟಕ್ಕೆ ಹಿಡಿಯುವ ಸಮಯ ಎರಡು ಪಟ್ಟಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹಗ್ಗಕ್ಕೆ ಕಟ್ಟಿದ ಹಳೆಯ ತೊಟ್ಟಿಲಿನಲ್ಲಿ ಈ ಲೆಕ್ಕ ನಡೆಯದು. ಅಲ್ಲಿ ತೊಟ್ಟಿಲನ್ನು ಹಿಂದಕ್ಕೆ ಎಳೆಯುವುದು ಭೂಮಿ. ಭಾರ ಹೆಚ್ಚಾದಷ್ಟೂ ಭೂಮಿಯ ಎಳೆತವೂ ಹೆಚ್ಚಿ, ಕೂಸು ಮಲಗಿದರೂ ಅಣ್ಣ ಹತ್ತಿ ಕೂತರೂ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ತೂಗುತ್ತದೆ. ಈಗ ಮನೆಗಳಿಗೆ ಬಂದಿರುವ ಸ್ಪ್ರಿಂಗ್ ಜೋಲಿ ಹಾಗಲ್ಲ. ಮಗು ಬೆಳೆದಂತೆ ಅದು ಮೇಲೆ ಕೆಳಗೆ ಆಡುವ ಗತಿ ನಿಧಾನವಾಗುತ್ತಾ ಹೋಗುತ್ತದೆ. ತಾಯಂದಿರು ಇದನ್ನು ಗಮನಿಸಿರಬಹುದು.

ವೈದ್ಯಕ್ಕೂ ತಕ್ಕಡಿಗೂ ಇರುವ ನಂಟು ಹಳೆಯದು. ಇಟಲಿಯ ಪಡುವಾದಲ್ಲಿ ಸ್ಯಾಂಟೋರಿಯೋ ಎಂಬ ವೈದ್ಯ ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ನೇತುಹಾಕಿ, ಅದರಲ್ಲಿ ಕೂತು ವರ್ಷಗಟ್ಟಲೆ ತನ್ನನ್ನೇ ತೂಗಿಕೊಂಡ. ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲಕ್ಕೂ ಲೆಕ್ಕ ಇಟ್ಟ. ಒಳಹೋದದ್ದಕ್ಕಿಂತ ಕಣ್ಣಿಗೆ ಕಾಣುವಂತೆ ಹೊರಬಂದದ್ದು ಬಹಳ ಕಡಿಮೆ ಇತ್ತು. ಮಿಕ್ಕದ್ದು ಚರ್ಮದಿಂದಲೂ ಉಸಿರಿನಿಂದಲೂ ಯಾರ ಅರಿವಿಗೂ ಬಾರದೆ ಹೋಗುತ್ತಿದೆ ಎಂದು ತೀರ್ಮಾನಿಸಿ 1614ರಲ್ಲಿ ಪುಸ್ತಕ ಬರೆದ. ದೇಹವನ್ನು ಅಂಕಿಗಳಲ್ಲಿ ಓದುವ ವೈದ್ಯಶಾಸ್ತ್ರ ಆ ಕುರ್ಚಿಯಿಂದಲೇ ಶುರುವಾಯಿತು ಎಂದು ನಾನು ನಂಬಿದ್ದೇನೆ.

ಮುನ್ನೂರೈವತ್ತು ವರ್ಷಗಳ ಮೇಲೆ ಅದೇ ಪ್ರಶ್ನೆ ಬಾಹ್ಯಾಕಾಶದಲ್ಲಿ ಎದ್ದಿತು. 1973ರಲ್ಲಿ ಅಮೆರಿಕ ಸ್ಕೈಲ್ಯಾಬ್ ಎಂಬ ನಿಲ್ದಾಣವನ್ನು ಕಕ್ಷೆಗೆ ಏರಿಸಿತು. ಮೂವರು ಮೂವರಂತೆ ಮೂರು ತಂಡಗಳು ಅಲ್ಲಿ 28, 59 ಮತ್ತು 84 ದಿನ ಇದ್ದು ಬಂದವು. ತೂಕವೇ ಇಲ್ಲದ ಕಡೆ ಸ್ನಾಯು ಎಷ್ಟು ಕರಗುತ್ತದೆ, ದೇಹದ ನೀರು ಎಷ್ಟು ಕಡಿಮೆಯಾಗುತ್ತದೆ ಎಂಬುದು ವೈದ್ಯರ ಆತಂಕ. ಆದರೆ ತೇಲುವ ಮನುಷ್ಯನನ್ನು ಯಾವ ತಕ್ಕಡಿಯ ಮೇಲೆ ನಿಲ್ಲಿಸುವುದು? ನಿಂತರೂ ಮುಳ್ಳು ಸೊನ್ನೆಯನ್ನೇ ತೋರಿಸುತ್ತದೆ.

ಉತ್ತರ ಕೊಟ್ಟವರು ವಿಲಿಯಂ ಥಾರ್ನ್‌ಟನ್. ಭೌತವಿಜ್ಞಾನವನ್ನೂ ವೈದ್ಯವನ್ನೂ ಓದಿದವರು, ಉಪಕರಣ ಕಟ್ಟುವ ಕೈ ಇದ್ದವರು. ಅವರು ಸ್ಪ್ರಿಂಗುಗಳ ನಡುವೆ ಆಡುವ ಒಂದು ಕುರ್ಚಿ ಮಾಡಿದರು. ಗಗನಯಾತ್ರಿ ಅದರಲ್ಲಿ ಮೈ ಮುದುಡಿಕೊಂಡು, ಪಟ್ಟಿ ಬಿಗಿದುಕೊಂಡು ಕೂರಬೇಕು. ಕೊಂಡಿ ಬಿಟ್ಟರೆ ಕುರ್ಚಿ ಹಿಂದೆ ಮುಂದೆ ತೂಗುತ್ತದೆ. ಒಂದು ಓಲಾಟಕ್ಕೆ ಎಷ್ಟು ಸಮಯ ಹಿಡಿಯಿತು ಎಂದು ಗಡಿಯಾರ ಹೇಳುತ್ತದೆ, ಅದರಿಂದ ದ್ರವ್ಯರಾಶಿ ಸಿಗುತ್ತದೆ. ಮೈ ಮುದುಡುವುದಕ್ಕೆ ಕಾರಣ ಇದೆ. ಮನುಷ್ಯನ ದೇಹ ಕಲ್ಲುಗುಂಡಲ್ಲ. ಕೈಕಾಲು ಸಡಿಲ, ಹೊಟ್ಟೆಯೊಳಗಿನದು ಸಡಿಲ. ಕುರ್ಚಿ ಒಂದು ಕಡೆ ಹೋದರೆ ಅವು ಸ್ವಲ್ಪ ತಡವಾಗಿ ಹಿಂಬಾಲಿಸಿ ಲೆಕ್ಕ ಕೆಡಿಸುತ್ತವೆ. ಎಂಜಿನಿಯರ್ ಆಗಿ ನನಗೆ ಈ ಕುರ್ಚಿಯಲ್ಲಿ ಅತ್ಯಂತ ಮೆಚ್ಚುಗೆಯಾಗುವುದು ಇದೇ. ದೇಹದ ಸ್ವಭಾವ ತಿಳಿದ ವೈದ್ಯನೂ ಸ್ಪ್ರಿಂಗಿನ ಸ್ವಭಾವ ತಿಳಿದ ಭೌತವಿಜ್ಞಾನಿಯೂ ಒಬ್ಬರೇ ಆಗಿದ್ದರು.

ದೊಡ್ಡ ಕುರ್ಚಿಯ ಜೊತೆಗೆ ಸಣ್ಣ ತೂಗುಯಂತ್ರಗಳೂ ಇದ್ದವು. ತಟ್ಟೆಯಲ್ಲಿ ಬಿಟ್ಟ ಅನ್ನವನ್ನೂ ಮಲವನ್ನೂ ಅದೇ ರೀತಿ ಆಡಿಸಿ ಅಳೆದರು. ಸ್ಯಾಂಟೋರಿಯೋ ಇಟ್ಟ ಲೆಕ್ಕವನ್ನೇ ಭೂಮಿಯ ಎಳೆತದ ಹಂಗಿಲ್ಲದೆ ಮುಂದುವರಿಸಿದ ಹಾಗಾಯಿತು. ಇಂದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಗಗನಯಾತ್ರಿಗಳು ಸ್ಪ್ರಿಂಗಿನ ಸಹಾಯದಿಂದಲೇ ತಮ್ಮನ್ನು ಅಳೆದುಕೊಳ್ಳುತ್ತಾರೆ. ಅಲ್ಲಿರುವ ಇನ್ನೊಂದು ಯಂತ್ರ ಗೊತ್ತಾದ ಬಲದಿಂದ ಅವರನ್ನು ಎಳೆದು, ಎಷ್ಟು ಬೇಗ ವೇಗ ಏರಿತು ಎಂದು ನೋಡುತ್ತದೆ.

ಕಟ್ಟಡಗಳಲ್ಲಿ ಇದೇ ಮೊಂಡುತನ ಅಳತೆಗೆ ಬದಲಾಗಿ ಕಾವಲಿಗೆ ಬಳಕೆಯಾಗುತ್ತದೆ. ತೈವಾನಿನ ತೈಪೆ 101 ಎಂಬ 508 ಮೀಟರ್ ಎತ್ತರದ ಗೋಪುರದ ಮೇಲ್ಭಾಗದಲ್ಲಿ 660 ಟನ್ನಿನ ಉಕ್ಕಿನ ಗುಂಡೊಂದು ಹಗ್ಗಗಳಿಂದ ತೂಗುತ್ತಿದೆ. ಬಿರುಗಾಳಿಗೆ ಗೋಪುರ ಒಂದು ಕಡೆ ವಾಲಿದಾಗ ಗುಂಡು ತನ್ನ ಮೊಂಡುತನದಿಂದ ಹಿಂದೆ ಉಳಿಯುತ್ತದೆ, ಅದಕ್ಕೆ ಕಟ್ಟಿದ ತಡೆಗಳು ಗೋಪುರದ ಓಲಾಟದ ಶಕ್ತಿಯನ್ನು ಹೀರಿಕೊಳ್ಳುತ್ತವೆ. 2015ರ ಚಂಡಮಾರುತವೊಂದರಲ್ಲಿ ಆ ಗುಂಡು ಸುಮಾರು ಒಂದು ಮೀಟರಿನಷ್ಟು ಆಡಿತು.

ಈಗ ಚಿಕ್ಕದರ ಕಡೆ ಹೋಗೋಣ. ಕೈಗಡಿಯಾರದಲ್ಲಿ ಸದಾ ಕಂಪಿಸುವ ಸ್ಫಟಿಕದ ಚೂರು, ಕ್ವಾರ್ಟ್ಜ್, ನಿಮಗೆ ಗೊತ್ತು. ಅಂಥ ಬಿಲ್ಲೆಯ ಮೇಲೆ ಏನಾದರೂ ಅಂಟಿದರೆ ಅದರ ಕಂಪನ ಕೊಂಚ ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂಬುದರಿಂದ ಎಷ್ಟು ಅಂಟಿತು ಎಂದು ಲೆಕ್ಕ ಹಾಕುವ ಸೂತ್ರವನ್ನು 1959ರಲ್ಲಿ ಜರ್ಮನಿಯ ಗುಂಟರ್ ಸೌಅರ್‌ಬ್ರೇ ಕೊಟ್ಟರು. ಗಾಜಿಗೆ, ಲೋಹಕ್ಕೆ ತೆಳುಪದರ ಬಳಿಯುವ ಎಂಜಿನಿಯರುಗಳು ಅದನ್ನು ಬಳಸಿದರು. ಮುಂದೆ ಜೀವವಿಜ್ಞಾನಿಗಳು ಅದೇ ಬಿಲ್ಲೆಯ ಮೇಲೆ ಪ್ರೋಟೀನು ಅಂಟುವುದನ್ನು ಗಮನಿಸತೊಡಗಿದರು.

ಆದರೆ ಜೀವ ಇರುವುದು ನೀರಿನಲ್ಲಿ. ನೀರಿನೊಳಗೆ ಏನನ್ನಾದರೂ ಆಡಿಸಿ ನೋಡಿ, ನಾಲ್ಕು ಓಲಾಟದಲ್ಲಿ ನಿಂತುಹೋಗುತ್ತದೆ. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಕಾಟ್ ಮನಾಲಿಸ್ ತಂಡ ಇದನ್ನು ತಿರುವುಮುರುವು ಮಾಡಿತು. ಕೂದಲಿಗಿಂತ ತೆಳ್ಳಗಿನ ಸಿಲಿಕಾನ್ ಪಟ್ಟಿಯ ಒಳಗೇ ಸುರಂಗ ಕೊರೆದು ನೀರನ್ನು ಅದರೊಳಗೆ ಹರಿಸಿದರು, ಪಟ್ಟಿಯ ಹೊರಗೆ ನಿರ್ವಾತ ಉಳಿಸಿದರು. ಪಟ್ಟಿ ಸರಾಗವಾಗಿ ಕಂಪಿಸುತ್ತದೆ. ಸುರಂಗದಲ್ಲಿ ಒಂದು ಕೋಶ ಹಾದುಹೋದ ಕ್ಷಣ ಕಂಪನದ ಗತಿ ಒಂದಿಷ್ಟು ತಗ್ಗಿ ಮತ್ತೆ ಏರುತ್ತದೆ. ಆ ತಗ್ಗೇ ಕೋಶದ ಭಾರ, ಸುತ್ತಲಿನ ನೀರಿನ ಪಾಲನ್ನು ಕಳೆದು ಉಳಿದದ್ದು. 2007ರಲ್ಲಿ ಈ ಕೆಲಸ ಪ್ರಕಟವಾಯಿತು.

ಈ ಭಾರ ಎಷ್ಟು ಸಣ್ಣದು ಎಂದು ತಿಳಿಯಬೇಕಾದರೆ ನಿಮ್ಮ ಮನೆಯ ಯಾವುದಾದರೂ ರಕ್ತಪರೀಕ್ಷೆಯ ವರದಿ ತೆಗೆಯಿರಿ. ಎಂಸಿಎಚ್ ಎಂಬ ಸಾಲಿನಲ್ಲಿ ಸುಮಾರು 27ರಿಂದ 32 ಪಿಕೋಗ್ರಾಂ ಎಂದಿರುತ್ತದೆ. ನಿಮ್ಮ ಒಂದು ಕೆಂಪು ರಕ್ತಕಣದಲ್ಲಿರುವ ಹಿಮೋಗ್ಲೋಬಿನ್ನಿನ ಸರಾಸರಿ ಮೊತ್ತ ಅದು. ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಲ್ಯಾಬಿನಲ್ಲಿ ಅದನ್ನು ತೂಗುವುದಿಲ್ಲ, ಹಿಮೋಗ್ಲೋಬಿನ್ನನ್ನು ಕಣಗಳ ಎಣಿಕೆಯಿಂದ ಭಾಗಿಸುತ್ತಾರೆ. ಮನಾಲಿಸ್ ಅವರ ಪಟ್ಟಿಯಾದರೋ ಒಂದೊಂದು ಕೋಶವನ್ನೂ ನಿಜವಾಗಿ ತೂಗುತ್ತದೆ.

ತೂಗಿ ಏನಾಗಬೇಕು ಎಂದು ಕೇಳಬಹುದು. ಬೆಳೆಯುವ ಕೋಶ ಗಂಟೆ ಗಂಟೆಗೂ ಭಾರ ಕೂಡಿಸಿಕೊಳ್ಳುತ್ತದೆ. ಔಷಧ ತಾಗಿದ ಕ್ಯಾನ್ಸರ್ ಕೋಶ ಸಾಯುವುದಕ್ಕೆ ಬಹಳ ಮೊದಲೇ ಭಾರ ಕೂಡಿಸಿಕೊಳ್ಳುವುದನ್ನು ನಿಧಾನ ಮಾಡುತ್ತದೆ. 2017ರಲ್ಲಿ ಇದೇ ತಂಡ ಮಲ್ಟಿಪಲ್ ಮೈಲೋಮಾ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರ್ ಇರುವ ರೋಗಿಗಳ ಕೋಶಗಳನ್ನು ತೆಗೆದು, ಔಷಧ ಸೋಕಿಸಿ, ಹೀಗೆ ತೂಗಿ ನೋಡಿತು. ಯಾವ ಔಷಧ ಯಾರಿಗೆ ನಾಟೀತು ಎಂಬ ಸುಳಿವು ಆ ಬೆಳವಣಿಗೆಯ ದರದಲ್ಲಿ ಸಿಕ್ಕಿತು. ಕೆಲವೇ ರೋಗಿಗಳ ಅಧ್ಯಯನ ಅದು, ಅದರಿಂದಲೇ ಚಿಕಿತ್ಸೆ ಬದಲಿಸಲಾಗದು. ಆದರೂ ನನಗೆ ಇದು ದೊಡ್ಡ ವಿಷಯ. ಔಷಧ ಕೊಟ್ಟು ತಿಂಗಳುಗಟ್ಟಲೆ ಕಾದು, ನಾಟಲಿಲ್ಲ ಎಂದು ತಿಳಿದಾಗ ಒಂದು ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆ ಕಾಯುವಿಕೆ ಒಂದು ದಿನದ ಪರೀಕ್ಷೆಗೆ ಇಳಿಯುವುದಾದರೆ ಅದಕ್ಕಾಗಿ ಎಷ್ಟು ದುಡಿದರೂ ಕಡಿಮೆಯೇ.

ಕೋಶಕ್ಕಿಂತ ಕೆಳಗೆ ಇಳಿದರೆ ಅಣು. ಅದನ್ನು ತೂಗಬೇಕಾದರೆ ಮೊದಲು ವಿದ್ಯುದಂಶ ಕೊಟ್ಟು ಗಾಳಿಗೆ ಎತ್ತಬೇಕು. ಪ್ರೋಟೀನಿನಂಥ ದೊಡ್ಡ ಅಣುವನ್ನು ಎತ್ತಲು ಹೋದರೆ ಅದು ಒಡೆದು ಚೂರಾಗುತ್ತಿತ್ತು. ಜಪಾನಿನ ಕ್ಯೋಟೋದಲ್ಲಿ ಶಿಮಾಡ್ಜು ಕಂಪನಿಯ ಎಂಜಿನಿಯರ್ ಕೋಯಿಚಿ ತನಾಕಾ 1985ರಲ್ಲಿ ಲೋಹದ ನುಣುಪು ಪುಡಿಗೆ ತಪ್ಪಿ ಗ್ಲಿಸರಿನ್ ಬೆರೆಸಿದರು. ಎಸೆಯಲು ಮನಸ್ಸಾಗದೆ ಅದನ್ನೇ ಪರೀಕ್ಷೆಗಿಟ್ಟು ಲೇಸರ್ ಹಾಯಿಸಿದರು. ಅಣು ಒಡೆಯದೆ ಮೇಲೆದ್ದಿತು. 2002ರ ರಸಾಯನವಿಜ್ಞಾನದ ನೊಬೆಲ್ ಅವರಿಗೂ, ಬೇರೊಂದು ದಾರಿಯಿಂದ ಇದನ್ನೇ ಸಾಧಿಸಿದ ಜಾನ್ ಫೆನ್ ಅವರಿಗೂ, ಜೊತೆಗೆ ಬೇರೊಂದು ಕೆಲಸಕ್ಕಾಗಿ ಕುರ್ಟ್ ವ್ಯೂಥ್ರಿಕ್ ಅವರಿಗೂ ಬಂತು.

ಎದ್ದ ಅಣುಗಳಿಗೆಲ್ಲ ಒಂದೇ ತಳ್ಳು ಕೊಟ್ಟರೆ ಹಗುರವಾದದ್ದು ಮೊದಲು ಗುರಿ ಮುಟ್ಟುತ್ತದೆ. ಇನ್ನೊಂದು ಬಗೆಯ ಯಂತ್ರದಲ್ಲಿ, ಆರ್ಬಿಟ್ರಾಪ್ ಎಂದು ಅದರ ಹೆಸರು, ಅಣುಗಳು ಕದಿರಿನಂಥ ಒಂದು ವಿದ್ಯುದಗ್ರದ ಉದ್ದಕ್ಕೂ ಹಿಂದೆ ಮುಂದೆ ತೂಗುತ್ತವೆ. ಅಲ್ಲೂ ಅದೇ ನಿಯಮ: ವಿದ್ಯುದಂಶ ಒಂದೇ ಆಗಿದ್ದರೆ, ನಾಲ್ಕು ಪಟ್ಟು ಭಾರದ ಅಣು ಒಂದು ಓಲಾಟಕ್ಕೆ ಎರಡು ಪಟ್ಟು ಸಮಯ ತೆಗೆದುಕೊಳ್ಳುತ್ತದೆ. ಥಾರ್ನ್‌ಟನ್ ಅವರ ಕುರ್ಚಿಯ ಸೂತ್ರ.

ಇದರಿಂದ ಕೂಸುಗಳಿಗೆ ಆಗಿರುವ ಉಪಕಾರ ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ನಮ್ಮ ಊಟದಲ್ಲಿರುವ ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲದ ಅಣುಭಾರ 165. ಪಿತ್ತಜನಕಾಂಗದ ಒಂದು ಕಿಣ್ವ ಅದಕ್ಕೆ ಒಂದು ಆಮ್ಲಜನಕ ಪರಮಾಣು ಸೇರಿಸುತ್ತದೆ. ಆಮ್ಲಜನಕದ್ದು 16. ಕೂಡಿದರೆ 181, ಅದು ಟೈರೋಸಿನ್. ಕೆಲವು ಮಕ್ಕಳು ಆ ಕಿಣ್ವ ಕೆಲಸ ಮಾಡದೆ ಹುಟ್ಟುತ್ತವೆ. 165ರದು ರಕ್ತದಲ್ಲಿ ರಾಶಿ ಬಿದ್ದು ಮಿದುಳನ್ನು ಕೆಡಿಸುತ್ತದೆ. ಹುಟ್ಟಿದ ಕೆಲವು ದಿನಗಳೊಳಗೆ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಕಾಗದದ ಮೇಲೆ ಒತ್ತಿ, ಒಣಗಿಸಿ, ಅಣು ತೂಗುವ ಯಂತ್ರಕ್ಕೆ ಕೊಟ್ಟರೆ ಫಿನೈಲ್‌ಅಲನಿನ್ನಿನ ಗೆರೆ ಎತ್ತರಕ್ಕೆ ನಿಂತಿರುವುದು ಕಾಣುತ್ತದೆ. ಆಗಲೇ ಪಥ್ಯ ಶುರುಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ. ಅದೇ ಒಂದು ಹನಿಯಲ್ಲಿ ಇಂಥ ಹತ್ತಾರು ಕಾಯಿಲೆಗಳನ್ನು ಒಟ್ಟಿಗೆ ನೋಡಬಹುದು. ನಮ್ಮ ದೇಶದಲ್ಲಿ ಈ ಪರೀಕ್ಷೆ ಇನ್ನೂ ಎಲ್ಲ ಕೂಸುಗಳಿಗೂ ಸಿಗುತ್ತಿಲ್ಲ. ಸಿಗಬೇಕು.

ಇಷ್ಟೆಲ್ಲ ಅಳತೆಗೆ ಮೂಲವಾದ ಕಿಲೋಗ್ರಾಂ ಬಗ್ಗೆ ಒಂದು ಮಾತು. 1889ರಿಂದ ಪ್ಯಾರಿಸ್ ಹತ್ತಿರ ಗಾಜಿನ ಗಂಟೆಯೊಳಗಿಟ್ಟ ಒಂದು ಲೋಹದ ತೂಕದ ಬಟ್ಟೇ ಜಗತ್ತಿನ ಕಿಲೋ ಆಗಿತ್ತು. ನೂರು ವರ್ಷದಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂದದ್ದು ಗೊತ್ತಾಯಿತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರು ಚೀಟಿ ನೋಡಿ, ಹಲವರ ಮಾತ್ರೆಯಲ್ಲಿ ಇರುವುದು ಅಷ್ಟೇ, 50 ಮೈಕ್ರೋಗ್ರಾಂ. 2019ರ ಮೇ 20ರಿಂದ ಕಿಲೋವನ್ನು ಆ ಬಟ್ಟಿನಿಂದ ಬಿಡಿಸಿ, ಪ್ಲಾಂಕ್ ಸ್ಥಿರಾಂಕ ಎಂಬ ಪ್ರಕೃತಿಯ ಎಂದೂ ಬದಲಾಗದ ಅಂಕಿಗೆ ಕಟ್ಟಿದ್ದಾರೆ.

ಕೊನೆಗೆ, ಕೇಳುತ್ತಿರುವ ಮಕ್ಕಳಿಗೆ ಒಂದು ಕೆಲಸ. ಒಂದು ಹ್ಯಾಕ್ಸಾ ಬ್ಲೇಡ್ ತನ್ನಿ. ಹಲ್ಲುಗಳ ಮೇಲೆ ಟೇಪು ಸುತ್ತಿ. ಎರಡು ಮರದ ತುಂಡುಗಳ ನಡುವೆ ಬಿಗಿದು, ಅಂಚಿನ ಮೇಲೆ ನಿಲ್ಲಿಸಿದಂತೆ, ಮೇಜಿನಿಂದ ಹೊರಚಾಚಿ ಕಟ್ಟಿ. ಈಗ ಅದು ಎಡಕ್ಕೂ ಬಲಕ್ಕೂ ಆಡುತ್ತದೆ, ಭೂಮಿಯ ಎಳೆತ ಅದರ ಲೆಕ್ಕಕ್ಕೆ ಅಡ್ಡ ಬರುವುದಿಲ್ಲ. ತುದಿಗೆ ಒಂದೇ ಬಗೆಯ ಹತ್ತು ನಾಣ್ಯ ಅಂಟಿಸಿ, ಮೆಲ್ಲಗೆ ಎಳೆದು ಬಿಟ್ಟು, ಇಪ್ಪತ್ತು ಓಲಾಟಕ್ಕೆ ಎಷ್ಟು ಸೆಕೆಂಡು ಎಂದು ಬರೆಯಿರಿ. ಆಮೇಲೆ ಹದಿನೈದು ನಾಣ್ಯ, ಇಪ್ಪತ್ತು ನಾಣ್ಯ. ಆಮೇಲೆ ನಾಣ್ಯ ತೆಗೆದು ಒಂದು ನಿಂಬೆಹಣ್ಣು ಕಟ್ಟಿ. ಅದು ಎಷ್ಟು ನಾಣ್ಯಕ್ಕೆ ಸಮ ಎಂದು ನಿಮ್ಮ ಪಟ್ಟಿ ನೋಡಿ ಹೇಳಿ, ನಂತರ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ಸರಿ ನೋಡಿ. ಬ್ಲೇಡ್ ಬಿಟ್ಟ ಕ್ಷಣಕ್ಕೆ ಸೊನ್ನೆ ಎನ್ನಿ, ಒಂದು ಎನ್ನಬೇಡಿ. ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ತಪ್ಪುವುದು ಅಲ್ಲಿಯೇ.

ನಮಸ್ಕಾರ.