ದೂರು ಹೊತ್ತು ಹೋಗುವ ಮೊದಲು

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದ ಒಂದು ಶಿಶುವಿಹಾರ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿ ಟೀಚರನ್ನು ಸ್ಪ್ಯಾನಿಷಿನಲ್ಲಿ ಕೇಳುತ್ತಾರೆ, 'ಕೋಮೊ ಸೆ ಪೋರ್ತಾ?' ನಡತೆ ಹೇಗಿದೆ ಎಂದರ್ಥ. ಟೀಚರ್ ಖುಷಿಯಿಂದ ಹೇಳುತ್ತಾರೆ, 'ಇವತ್ತು ಆರು ಬಣ್ಣ ಗುರುತಿಸಿದ, ತನ್ನ ಹೆಸರಿನ ಮೊದಲ ಅಕ್ಷರ ಬರೆದ.' ತಾಯಿ ತಲೆಯಾಡಿಸಿ ಹೊರಡುತ್ತಾರೆ. ಕೇಳಿದ್ದು ಒಂದು, ಸಿಕ್ಕ ಉತ್ತರ ಇನ್ನೊಂದು. ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳಿಗೂ ಎಳೆಯ ಮಕ್ಕಳ ಟೀಚರುಗಳಿಗೂ ನಡುವೆ ಅಂತರ ಬೆಳೆಯುವುದು ಇಂಥ ಸಣ್ಣ ಜಾಗಗಳಲ್ಲೇ.

ಸ್ಪ್ಯಾನಿಷಿನ 'ಎದುಕಾಸಿಯೋನ್' ಎಂಬ ಮಾತಿಗೆ ಬರೀ ಓದು ಎಂಬ ಅರ್ಥವಿಲ್ಲ. ನಾವು ಸಂಸ್ಕಾರ ಅನ್ನುತ್ತೇವಲ್ಲ, ಅದೂ ಅದರೊಳಗಿದೆ. 'ಓದಿದ್ದಾನೆ, ಸಂಸ್ಕಾರ ಇಲ್ಲ' ಎಂದು ನಮ್ಮ ಹಿರಿಯರು ಹೇಳುವುದನ್ನು ಕೇಳಿ ಬೆಳೆದವರಿಗೆ ಆ ತಾಯಿಯ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಹಾಗಾಗಿ ಟೀಚರ್ ಮೊದಲು ಹೇಳಬೇಕಾದದ್ದು, ಬಂದವರಿಗೆ ನಮಸ್ಕಾರ ಹೇಳಿದನೇ, ಗೊಂಬೆಯನ್ನು ಪಕ್ಕದವಳಿಗೆ ಕೊಟ್ಟನೇ ಎಂಬುದು. ಬಣ್ಣ, ಅಕ್ಷರ ಆಮೇಲೆ.

2020ರ ಜನಗಣತಿಯಂತೆ ಅಮೆರಿಕದಲ್ಲಿ ಈ ಮೂಲದವರು 6 ಕೋಟಿ 21 ಲಕ್ಷ, ಹತ್ತಿರಹತ್ತಿರ ಐದರಲ್ಲಿ ಒಬ್ಬರು. ಇವರನ್ನು ಕರೆಯಲು ಬಂದಿರುವ 'ಲಾತೀನೆ' ಎಂಬುದು ಗಂಡು ಹೆಣ್ಣೆಂಬ ಭೇದವಿಲ್ಲದ ಹೊಸ ಪದ. ಮನೆಗಳಲ್ಲಿ ಮಾತ್ರ ತಮ್ಮನ್ನು ಮೆಕ್ಸಿಕೋದವರು, ಗ್ವಾಟೆಮಾಲಾದವರು ಎಂದೇ ಹೇಳಿಕೊಳ್ಳುವವರು ಬಹಳ. ಅವರು ಹೇಳಿಕೊಳ್ಳುವ ಹೆಸರನ್ನೇ ಬಳಸಬೇಕು. ಎಲ್ಲರ ಮನೆಮಾತೂ ಸ್ಪ್ಯಾನಿಷ್ ಅಲ್ಲ. ಮೆಕ್ಸಿಕೋದ ವಾಹಾಕಾ ಕಡೆಯಿಂದ ಬಂದವರಲ್ಲಿ ಮಿಸ್ತೆಕೊ ಆಡುವವರಿದ್ದಾರೆ, ಗ್ವಾಟೆಮಾಲಾದವರಲ್ಲಿ ಮಾಮ್, ಕಿಚೆ ಆಡುವವರಿದ್ದಾರೆ. ಸ್ಪ್ಯಾನಿಷಿನಲ್ಲಿ ಎರಡು ಪುಟ ಅಚ್ಚು ಹಾಕಿ ಚೀಲಕ್ಕೆ ತುರುಕಿದರೆ ಇವರಿಗೆ ಏನೂ ತಲುಪುವುದಿಲ್ಲ. ಅವರ ಭಾಷೆ ಬಲ್ಲವರಿಂದ ಅರ್ಧ ನಿಮಿಷದ ಧ್ವನಿಸಂದೇಶ ಮಾಡಿಸಿ ಫೋನಿಗೆ ಕಳಿಸಿದರೆ ಕೆಲಸವಾಗುತ್ತದೆ.

ಇನ್ನು, 'ಈ ತಂದೆತಾಯಿ ಏನನ್ನೂ ಕೇಳುವುದೇ ಇಲ್ಲ, ಆಸಕ್ತಿಯಿಲ್ಲ' ಎಂಬ ದೂರು. ಇದು ತಪ್ಪು ಓದು. ಟೀಚರಿಗೆ ಎದುರು ಪ್ರಶ್ನೆ ಹಾಕುವುದು ಅನೇಕ ಮನೆಗಳಲ್ಲಿ ಅಗೌರವ. ಬೈಸಿಕೊಳ್ಳುವಾಗ ಮಗು ತಲೆ ತಗ್ಗಿಸುವುದೂ ಅದೇ 'ರೆಸ್ಪೆತೊ', ಅಂದರೆ ಗೌರವ. ಅಲ್ಲಿ 'ನನ್ನ ಕಣ್ಣು ನೋಡು' ಎಂದು ಗದರಿದರೆ ಮನೆ ಕಲಿಸಿದ್ದನ್ನು ಶಾಲೆ ಅಳಿಸಿದಂತೆ. ತಾಯಿ 'ಸೀ, ಸೀ', ಹೌದು ಹೌದು, ಅಂದರೆ ಒಪ್ಪಿಗೆ ಎಂದೇ ತಿಳಿಯಬಾರದು. ನಮ್ಮ 'ಹ್ಞೂಂ' ಇದ್ದಂತೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಇರಬಹುದು. ನಮ್ಮ ನೀವು, ನೀನು ಇದ್ದ ಹಾಗೆ ಅವರಲ್ಲಿ 'ಉಸ್ತೆದ್', 'ತು' ಇವೆ. ಸ್ಪ್ಯಾನಿಷ್ ಕಲಿತ ಟೀಚರ್ ಅಜ್ಜಿಯನ್ನು 'ತು' ಎಂದು ಮಾತಾಡಿಸಿದರೆ ಮೊದಲ ದಿನವೇ ಕೆಟ್ಟಿತು.

ಇದೆಲ್ಲ ಸರಿಹೋಗುವ ಜಾಗ ಮನೆ. ಬಡ ಕುಟುಂಬಗಳ ಎಳೆಯ ಮಕ್ಕಳಿಗಾಗಿ 1965ರಲ್ಲಿ ಶುರುವಾದ ಅಮೆರಿಕ ಸರ್ಕಾರದ ಹೆಡ್ ಸ್ಟಾರ್ಟ್ ಯೋಜನೆಯ ಕೇಂದ್ರಗಳಲ್ಲಿ ಟೀಚರ್ ವರ್ಷಕ್ಕೆ ಕನಿಷ್ಠ 2 ಸಲ ಪ್ರತಿ ಮಗುವಿನ ಮನೆಗೆ ಹೋಗಬೇಕು, ಸಾಧ್ಯವಾದರೆ ಒಂದು ಭೇಟಿ ತರಗತಿ ಆರಂಭವಾಗುವ ಮೊದಲೇ ಆಗಬೇಕು ಎಂಬ ನಿಯಮವಿದೆ. ಹೇಗೆ ಹೋಗಬೇಕು ಎಂಬುದೇ ಮುಖ್ಯ. ಇಬ್ಬರು ಹೋಗಬೇಕು. ಮೊದಲೇ ಫೋನ್ ಮಾಡಿ, ಯಾರು ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ತಿಳಿಸಬೇಕು. 30ರಿಂದ 40 ನಿಮಿಷ ಸಾಕು. ಮನೆಗೆ ಬೇಡ ಅಂದರೆ ಪಾರ್ಕಿನಲ್ಲೋ ಚರ್ಚಿನಲ್ಲೋ ಕೂರಬಹುದು. ಫಾರಂ ತುಂಬಿಸುವ ಕೆಲಸ ಆ ದಿನ ಬೇಡ. ಮೊದಲ ಪ್ರಶ್ನೆ ಒಂದೇ: 'ನಿಮ್ಮ ಮಗುವಿನ ಬಗ್ಗೆ ನಿಮ್ಮ ಆಸೆ ಏನು?' ಕೇಳಿ ಸುಮ್ಮನಿರಬೇಕು. ಅವರು ಕೊಟ್ಟದ್ದನ್ನು ಬೇಡ ಅನ್ನದೆ ಒಂದು ತುತ್ತಾದರೂ ತಿನ್ನಬೇಕು. ತುಂಟ ಮಕ್ಕಳ ಮನೆಗೆ ಮಾತ್ರ ಹೋಗತೊಡಗಿದರೆ, ಟೀಚರ್ ಬಂದರು ಅಂದರೆ ದೂರು ಬಂತು ಎಂದು ಬೀದಿಗೆಲ್ಲ ಸುದ್ದಿ. ಆಮೇಲೆ ಯಾವ ಬಾಗಿಲೂ ಸಲೀಸಾಗಿ ತೆರೆಯದು.

ಕಲಿಯುವವರಾಗಿ ಮನೆಗೆ ಹೋಗುವ ಈ ಕ್ರಮವನ್ನು ಅರಿಜೋನಾದ ಟೂಸಾನ್ ನಗರದಲ್ಲಿ ಸಂಶೋಧಕರಾದ ಲೂಯಿಸ್ ಮೋಲ್, ನೋರ್ಮಾ ಗೊನ್ಸಾಲೆಸ್ ಮತ್ತು ಸಂಗಡಿಗರು ಟೀಚರುಗಳ ಜೊತೆ ಸೇರಿ ಬೆಳೆಸಿದರು. 1992ರ ಅವರ ಪ್ರಬಂಧ ಇಂದಿಗೂ ಈ ಕ್ಷೇತ್ರದ ಬುನಾದಿ. ಒಬ್ಬ ಹುಡುಗ ಮೆಕ್ಸಿಕೋದಿಂದ ತಂದ ಸಿಹಿತಿಂಡಿ ಮಾರುತ್ತಾನೆಂದು ಟೀಚರಿಗೆ ಗೊತ್ತಾಯಿತು. ಅದನ್ನೇ ಪಾಠ ಮಾಡಿದರು. ಒಬ್ಬ ತಾಯಿ ತರಗತಿಗೆ ಬಂದು ಪಿಪಿತೋರಿಯಾ ಎಂಬ ಸಿಹಿ ಮಾಡಿ ತೋರಿಸಿದರು. ಅದು ದೊಡ್ಡ ಮಕ್ಕಳ ಶಾಲೆ, ಆದರೆ ನಾಲ್ಕು ವರ್ಷದವರಿಗೂ ಇದು ಸಲ್ಲುತ್ತದೆ. ಒಬ್ಬ ತಾಯಿಯೋ ಅಜ್ಜಿಯೋ ಬಂದು 2 ಬಟ್ಟಲು 'ಮಾಸಾ', ಅಂದರೆ ಸುಣ್ಣದ ನೀರಿನಲ್ಲಿ ಬೇಯಿಸಿ ಮಾಡಿದ ಮೆಕ್ಕೆಜೋಳದ ಹಿಟ್ಟಿಗೆ ಒಂದೂವರೆ ಬಟ್ಟಲು ಬಿಸಿನೀರು ಹಾಕಿ ಕಲಸಿ, ನಿಂಬೆಗಾತ್ರದ ಉಂಡೆ ಮಾಡಿ ತೊರ್ತಿಯಾ ರೊಟ್ಟಿ ತಟ್ಟಲಿ. ಅಳತೆ, ಎಣಿಕೆ, ದುಂಡು, ಚಪ್ಪಟೆ ಎಲ್ಲ ಅಲ್ಲೇ ಇದೆ. ಹಿಟ್ಟು ಬಿರುಕು ಬಿಟ್ಟರೆ ಏನು ಕಡಿಮೆಯಾಯಿತು ಎಂದು ಮಕ್ಕಳೇ ಹೇಳುತ್ತಾರೆ. ವರ್ಷಕ್ಕೊಂದು ಹಬ್ಬಕ್ಕೆ ಬಣ್ಣದ ಟೋಪಿ ಹಾಕಿಸಿ ಫೋಟೋ ತೆಗೆಯುವುದನ್ನು ಇದಕ್ಕೆ ಹೋಲಿಸಲೇಬೇಡಿ.

ದುಭಾಷಿ ಬೇಕಾದಲ್ಲಿ ಮಗುವಿನ ಅಕ್ಕನನ್ನು ಕೂರಿಸಬಾರದು. ತಮ್ಮನ ಮಾತು ತಡವಾಗಿದೆ ಎಂಬ ಸುದ್ದಿಯನ್ನು ಒಂಬತ್ತು ವರ್ಷದ ಹುಡುಗಿ ಅಮ್ಮನಿಗೆ ಹೇಗೆ ಹೇಳಿಯಾಳು? ಮುಚ್ಚಿಡುತ್ತಾಳೆ, ಇಲ್ಲವೇ ಹೆದರುತ್ತಾಳೆ. ನುರಿತ ದುಭಾಷಿಯಿರಲಿ. ಟೀಚರ್ ತಾಯಿಯ ಮುಖ ನೋಡಿ ಮಾತಾಡಲಿ, ಎರಡು ವಾಕ್ಯ ಹೇಳಿ ನಿಲ್ಲಲಿ. 20 ನಿಮಿಷದ ಮಾತುಕತೆಗೆ 40 ನಿಮಿಷ ಇಟ್ಟುಕೊಳ್ಳಬೇಕು.

'ಮನೆಯಲ್ಲಿ ಇಂಗ್ಲಿಷೇ ಆಡಿ' ಎಂಬ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ. ಎರಡು ಭಾಷೆ ಮಗುವನ್ನು ಗೊಂದಲಕ್ಕೆ ತಳ್ಳುವುದಿಲ್ಲ. ತಾಯಿ ತನಗೆ ಬಾರದ ಭಾಷೆಯಲ್ಲಿ ನಾಲ್ಕೇ ಮಾತಾಡಿದರೆ ಮಗುವಿಗೆ ಸಿಗುವುದೂ ನಾಲ್ಕೇ ಮಾತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಕನ್ನಡದ ತಾಯಂದಿರಿಗೂ ಇದೇ ಮಾತು.

ಈ ಮನೆಗಳಲ್ಲಿ ಗಡೀಪಾರಿನ ಭಯವೂ ಇದೆ. ವಲಸೆ ಅಧಿಕಾರಿಗಳು ಶಾಲೆಗಳಿಂದ ದೂರವಿರಬೇಕೆಂಬ, 2011ರಿಂದ ಬಂದ ಮಾರ್ಗಸೂಚಿಯನ್ನು 2025ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಮಗು ಮೂರು ದಿನ ಬಾರದಿದ್ದರೆ ಸೋಮಾರಿತನ ಎಂದು ಬರೆದುಕೊಳ್ಳುವ ಮೊದಲು ಇದನ್ನು ನೆನೆಯಬೇಕು. ವಲಸೆಯ ಕಾಗದಪತ್ರ ಇದೆಯೇ ಎಂದು ಕೇಳಬಾರದು, ಕಿವಿಗೆ ಬಿದ್ದರೂ ಬರೆದಿಡಬಾರದು.

ಕೊನೆಗೆ ಎರಡು ಸಣ್ಣ ಕೆಲಸ. ಮಗುವನ್ನು ಕರೆದೊಯ್ಯುವವರ ಪಟ್ಟಿಯಲ್ಲಿ ಎರಡೇ ಸಾಲು ಇದ್ದರೆ ಆರು ಮಾಡಿ. ಅಜ್ಜಿ, ಚಿಕ್ಕಮ್ಮ, ಮಗುವಿನ ಜ್ಞಾನಸ್ನಾನಕ್ಕೆ ನಿಂತ ಕೊಮಾದ್ರೆ, ಇವರೆಲ್ಲ ಬರುವವರೇ. ಇನ್ನೊಂದು, ತಂದೆತಾಯಿಯ ಸಭೆಯ ದಿನ ದೊಡ್ಡವರು ಕೂರುವ ಕುರ್ಚಿ ತರಿಸಿಡಿ. ದಿನವಿಡೀ ಸ್ಟ್ರಾಬೆರಿ ಹೊಲದಲ್ಲಿ ಬೆನ್ನು ಬಗ್ಗಿಸಿ ಬಂದ ಅಪ್ಪನನ್ನು ಮೊಣಕಾಲೆತ್ತರದ ಮಕ್ಕಳ ಕುರ್ಚಿಯಲ್ಲಿ ಕೂರಿಸಿ ಮಾತಾಡಬೇಡಿ.

ನಮಸ್ಕಾರ.