ಹಳ್ಳದ ಆಚೆ ದಡದ ಸಿಳ್ಳೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟದ ತಲೆಯಲ್ಲಿದೆ. ತೋಟ ಇಳಿದರೆ ಹಳ್ಳ. ನಾಲ್ಕು ಮಳೆ ಬಿದ್ದಿತು ಅಂದರೆ ಸಾಕು, ಇನ್ನೂ ಕಣ್ಣಿಗೆ ಏನೂ ಕಾಣದ ಹೊತ್ತಿನಲ್ಲೇ ಅಲ್ಲಿಂದ ಸಿಳ್ಳೆ ಶುರು. ಹೊಸಬರು ಕೇಳಿದರೆ, ಯಾರೋ ಹುಡುಗ ದನ ಹುಡುಕಲು ಹೊರಟಿದ್ದಾನೆ, ಅರ್ಧಂಬರ್ಧ ಬರುವ ಹಾಡಿಗೆ ಸಿಳ್ಳೆ ಹಾಕುತ್ತಿದ್ದಾನೆ ಅಂದುಕೊಳ್ಳಬೇಕು. ಹುಡುಗನೂ ಅಲ್ಲ, ದನವೂ ಇಲ್ಲ. ಅದು ಸಿಳ್ಳಾರ ಹಕ್ಕಿ. ಮೈಯೆಲ್ಲ ಕಪ್ಪುನೀಲಿ. ಹಣೆಯ ಮೇಲೆ, ಭುಜದ ಮೇಲೆ ಮಾತ್ರ ಬೆಳಕು ಬಿದ್ದರೆ ಫಳಕ್ಕನೆ ಹೊಳೆಯುವ ನೀಲಿ.

ಹಳ್ಳದ ಆಚೆ ದಡದಲ್ಲಿ ಇನ್ನೊಂದು ಸಿಳ್ಳಾರ ಇತ್ತು. ಈಚೆಯದು ಕೊನೆಯ ಸ್ವರವನ್ನು ಮೇಲಕ್ಕೆ ಎತ್ತಿ ಬಿಡುತ್ತಿತ್ತು. ಆಚೆಯದು ಕೆಳಕ್ಕೆ ಇಳಿಸಿ, ಮುಂದಿನದು ಮರೆತುಹೋದವರ ಹಾಗೆ ಗಕ್ಕನೆ ನಿಲ್ಲಿಸುತ್ತಿತ್ತು. ನನ್ನ ಹೆಂಡತಿ ಹಾಸಿಗೆಯಲ್ಲೇ ಮಲಗಿ ಹೇಳುತ್ತಿದ್ದಳು, "ಇವತ್ತು ಆಚೆ ದಡದ್ದು ಮೊದಲು ಎದ್ದಿದೆ ನೋಡಿ" ಅಂತ.

ಇದನ್ನೇ ದೊಡ್ಡ ಶೋಧ ಅಂದುಕೊಂಡು, ಹಕ್ಕಿಗಳ ಬಗ್ಗೆ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ನಕ್ಕ. "ಮೇಷ್ಟ್ರೇ, ಅದು ಎರಡು ಹಕ್ಕಿಗಳ ವ್ಯತ್ಯಾಸ, ಎರಡು ಊರಿನ ವ್ಯತ್ಯಾಸ ಅಲ್ಲ" ಅಂದ. ಸರಿಯಾದ ಮಾತು. ಒಂದೇ ಊರಿನಲ್ಲಿ ಒಬ್ಬ ಗಟ್ಟಿಯಾಗಿ ಮಾತಾಡುತ್ತಾನೆ, ಇನ್ನೊಬ್ಬ ಮೂಗಿನಲ್ಲಿ ಮಾತಾಡುತ್ತಾನೆ. ಊರಿನ ಮಾತೇ ಬೇರೆ ಅನ್ನಬೇಕಾದರೆ ಒಂದೊಂದು ಬೆಟ್ಟದಲ್ಲೂ ಹತ್ತಾರು ಹಕ್ಕಿಗಳನ್ನು ಕೇಳಬೇಕು. ಒಂದೊಂದು ಹಕ್ಕಿಯ ಹಾಡನ್ನೂ ಹಲವು ಸಲ ರೆಕಾರ್ಡ್ ಮಾಡಬೇಕು. ಒಂದೇ ಬೆಟ್ಟದೊಳಗಿನ ವ್ಯತ್ಯಾಸಕ್ಕಿಂತ ಬೆಟ್ಟ ಬೆಟ್ಟದ ನಡುವಿನದು ಜಾಸ್ತಿ ಇದ್ದರೆ ಆಗ ಮಾತ್ರ ಅದು ಬೆಟ್ಟದ ಹಾಡು.

ಮನುಷ್ಯರಲ್ಲಿ ಇದು ನಮಗೆ ಹೊಸದೇನಲ್ಲ. ಹುಲಿಕಲ್ ಘಾಟಿ ಇಳಿದರೆ ಸಾಕು, ಕುಂದಾಪುರದವರು "ಹ್ವಾಯ್" ಅಂತ ಕೂಗುತ್ತಾರೆ. ಮೇಲಿನವರಿಗೆ ಅರ್ಧ ಅರ್ಥ ಆಗುತ್ತದೆ, ಅರ್ಧ ಇಲ್ಲ. ಹಾಡುಹಕ್ಕಿಗಳದ್ದೂ ಹೆಚ್ಚುಕಡಿಮೆ ಹಾಗೆಯೇ. ಕೋಳಿ ಮರಿಗೆ ಕೂಗುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹಾಡುಹಕ್ಕಿಯ ಮರಿ ಮಾತ್ರ ದೊಡ್ಡವು ಹಾಡುವುದನ್ನು ಕೇಳಿ ಕೇಳಿ ಕಲಿಯಬೇಕು. ಕಲಿಯುವಾಗ ತಪ್ಪೂ ಆಗುತ್ತದೆ. ಒಂದು ತಲೆಮಾರಿನ ತಪ್ಪು ಮುಂದಿನ ತಲೆಮಾರಿಗೆ ಪಾಠ ಆಗುತ್ತದೆ.

ಇದನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟಿದ್ದು ಶೋಲಕಿಳಿ ಅನ್ನುವ ಸಣ್ಣ ಹಕ್ಕಿ. ಬೆಟ್ಟದ ನೆತ್ತಿಯಲ್ಲಿ ಸುತ್ತ ಹುಲ್ಲು, ನಡುವಿನ ಕಣಿವೆಯಲ್ಲಿ ಒತ್ತೊತ್ತಾದ ಕಾಡು ಇರುತ್ತದಲ್ವಾ, ಅದೇ ಶೋಲೆ ಕಾಡು. 'ಕಿಳಿ' ಅಂದರೆ ಮಲಯಾಳಂನಲ್ಲಿ ಹಕ್ಕಿ. ಅದೇ ಮಾತು ನಮ್ಮಲ್ಲಿ ಗಿಳಿ ಆಗಿ, ಬರೀ ಒಂದು ಜಾತಿಯ ಹಕ್ಕಿಗೆ ಅಂಟಿಕೊಂಡಿತು. ಹೆಸರೇ ಘಟ್ಟ ದಾಟುವಾಗ ವೇಷ ಬದಲಿಸಿದೆ ನೋಡಿ.

ಗುಬ್ಬಚ್ಚಿಯಷ್ಟು ಗಾತ್ರ, ಕಾಲು ಮಾತ್ರ ಉದ್ದ, ರೆಕ್ಕೆ ಗಿಡ್ಡ. ನೆಲದ ಮೇಲೆ, ಪೊದೆಯ ಬುಡದಲ್ಲಿ ಕುಪ್ಪಳಿಸಿಕೊಂಡು ಹುಳ ಹೆಕ್ಕುತ್ತದೆ. ನಮ್ಮ ಬಾಬಾಬುಡನ್ ಗಿರಿಯಲ್ಲಿ ಇದೆ. ಒಂದು ಬೆಳಿಗ್ಗೆ ಅಲ್ಲಿನ ಶೋಲೆಯ ಅಂಚಿನಲ್ಲಿ ಎರಡು ಗಂಟೆ ಕೂತಿದ್ದೆ. ಕಾಲಿಗೆ ಉಂಬಳ ಹತ್ತಿದ್ದು ಆರು, ಹಕ್ಕಿ ಕಂಡಿದ್ದು ಒಂದು ಕ್ಷಣ. ನೀಲಿ ಬೆನ್ನು, ಪಕ್ಕೆಯಲ್ಲಿ ಇಟ್ಟಿಗೆಯ ಕೆಂಪು. ಅಷ್ಟರಲ್ಲಿ ಮಾಯ. ಹಾಡು ಮಾತ್ರ ಮಂಜಿನೊಳಗಿಂದ ಬರುತ್ತಲೇ ಇತ್ತು.

ಈ ಹಕ್ಕಿಗೆ ತಂಪು ಬೇಕು, ಕತ್ತಲೆ ಕಾಡು ಬೇಕು. ಒಂದು ಗುಡ್ಡದಿಂದ ಇನ್ನೊಂದಕ್ಕೆ ಹೋಗಲು ಕೆಳಗಿನ ಬಿಸಿಲು ಬಯಲು ದಾಟುವುದಿಲ್ಲ. ನಮಗೆ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ, ಅದಕ್ಕೆ ಸಮುದ್ರ. ಪಶ್ಚಿಮ ಘಟ್ಟದಲ್ಲಿ ಅಂಥ ದೊಡ್ಡ ಸಮುದ್ರ ಅಂದರೆ ಪಾಲಕ್ಕಾಡಿನ ಕಣಿವೆ. 30-40 ಕಿಲೋಮೀಟರ್ ಅಗಲಕ್ಕೆ ಘಟ್ಟವೇ ಇಲ್ಲ. ಅದರ ಉತ್ತರಕ್ಕೆ ಬಾಬಾಬುಡನ್, ಬ್ರಹ್ಮಗಿರಿ, ನೀಲಗಿರಿ. ಅಲ್ಲಿನ ಶೋಲಕಿಳಿಗೆ ಪಕ್ಕೆ ಕೆಂಪು. ದಕ್ಷಿಣಕ್ಕೆ ಆನೆಮಲೆ, ಪಳನಿ ಬೆಟ್ಟಗಳು. ಅಲ್ಲಿನದಕ್ಕೆ ಕೆಂಪಿಲ್ಲ, ಹುಬ್ಬಿನ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ. ಇನ್ನೂ ಕೆಳಗೆ ಶೆಂಕೋಟೆಯ ಕಣಿವೆ ದಾಟಿದರೆ ಅಗಸ್ತ್ಯಮಲೆಯ ಕಡೆ ಮೂರನೆಯದು. ಬಹಳ ಕಾಲ ಎಲ್ಲವನ್ನೂ ಒಂದೇ ಜಾತಿ ಅಂತ ಎಣಿಸುತ್ತಿದ್ದರು. 2017ರಲ್ಲಿ ಹಕ್ಕಿಗಳ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಅವರ ಜೊತೆಯವರು ಡಿಎನ್ಎ, ಮೈಬಣ್ಣ, ಅಳತೆ, ಹಾಡು ಎಲ್ಲ ಒಟ್ಟಿಗೆ ಇಟ್ಟು ನೋಡಿ, ಇವಕ್ಕೆಂದೇ 'ಶೋಲಿಕೋಲ' ಅನ್ನುವ ಹೊಸ ಕುಲದ ಹೆಸರು ಕೊಟ್ಟರು. ಮೂರನೆಯದು ಹೊಸ ಜಾತಿಯಾಯಿತು. ರಾಬಿನ್ ಅನ್ನುವುದು ಇಂಗ್ಲಿಷಿನಲ್ಲಿ ಒಂದು ಹಕ್ಕಿಯ ಹೆಸರು. ಹಕ್ಕಿ ಹುಡುಕುವವರ ಹೆಸರೇ ಅದಾಗಿದ್ದು ತಮಾಷೆಯಾಗಿದೆ.

ಅಳತೆ ಅಂದರೆ ಹೇಗೆ? ಕೂದಲಿನಂಥ ಎಳೆಯ ಬಲೆಯನ್ನು ಮರದ ನಡುವೆ ಕಟ್ಟುತ್ತಾರೆ. ಸಿಕ್ಕ ಹಕ್ಕಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ ತೂಗುತ್ತಾರೆ. ರೆಕ್ಕೆಯನ್ನು ಸ್ಕೇಲಿನ ಮೇಲೆ ಒರಗಿಸಿ ಅಳೆಯುತ್ತಾರೆ, ಕಾಲು, ಕೊಕ್ಕು ನೋಡುತ್ತಾರೆ. ಒಂದು ಹನಿ ರಕ್ತ ತೆಗೆದು ಬಿಟ್ಟುಬಿಡುತ್ತಾರೆ. ಹಾಡನ್ನು ಕಂಪ್ಯೂಟರಿಗೆ ಹಾಕಿದರೆ ಚಿತ್ರವಾಗಿ ಬರುತ್ತದೆ. ಸ್ವರ ಏರಿದರೆ ಗೆರೆ ಏರುತ್ತದೆ, ನಡುಗಿದರೆ ಗೆರೆಯೂ ನಡುಗುತ್ತದೆ. ಕಿವಿಗೆ ತಪ್ಪಿದ್ದು ಕಣ್ಣಿಗೆ ಸಿಗುತ್ತದೆ.

ಇಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಇನ್ನೊಂದಿದೆ. ದೊಡ್ಡ ಕಣಿವೆಗಳು ಹಕ್ಕಿಗಳನ್ನು ಲಕ್ಷಗಟ್ಟಲೆ ವರ್ಷದ ಹಿಂದೆಯೇ ಬೇರೆ ಮಾಡಿದವು. ಅಲ್ಲಿ ಮೈಯೂ ಬೇರೆ, ಹಾಡೂ ಬೇರೆ. ಆದರೆ ಅದೇ ಘಟ್ಟದಲ್ಲಿ ಮನುಷ್ಯರು ಕಾಡು ಕಡಿದು ಚಹಾ ತೋಟ ಮಾಡಿದ್ದು ಮೊನ್ನೆ ಮೊನ್ನೆ, ನೂರು ನೂರೈವತ್ತು ವರ್ಷದ ಮಾತು. ಅಲ್ಲಿ ತುಂಡು ತುಂಡಾದ ಕಾಡುಗಳ ನಡುವೆಯೂ ಹಾಡು ಬೇರೆಯಾಗಿದೆ ಅಂತ 2016ರಲ್ಲಿ ಬಂದ ಅಧ್ಯಯನ ಹೇಳುತ್ತದೆ. ಹಾಡಿನಲ್ಲಿ ಹಳೆಯ ಕಣಿವೆ ಬದಲಿಸಿದ ಗುಣಗಳೇ ಬೇರೆ, ಕಾಡು ಕಡಿದಿದ್ದು ಬದಲಿಸಿದ ಗುಣಗಳೇ ಬೇರೆ. ಮೈಬಣ್ಣ ಬದಲಾಗಲು ಬಹಳ ಕಾಲ ಬೇಕು. ಹಾಡಿಗೆ ಮಾತ್ರ ಕಲಿಸುವವರು ಬದಲಾದರೆ ಸಾಕು.

ನಗೆಮಲ್ಲಿ ಅನ್ನುವ ಹಕ್ಕಿಗಳದ್ದೂ ಇದೇ ಕಥೆ. ನೀಲಗಿರಿಯ ನಗೆಮಲ್ಲಿಗೆ ಎದೆ ಕೆಂಗಂದು, ಪಕ್ಕದ ವಯನಾಡಿನ ಬಾಣಾಸುರ ಬೆಟ್ಟದಲ್ಲಿರುವುದಕ್ಕೆ ಬೂದು. ಬೆಟ್ಟಗಳು ನೆರೆಹೊರೆ, ಹಕ್ಕಿಗಳು ಬೇರೆ ಬೇರೆ ಜಾತಿ.

ನಮ್ಮ ಹಳ್ಳಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಆಚೆ ದಡದ ಮರ ಬೋಳಿಸಿ ಶುಂಠಿ ಹಾಕಿದರು. ಕೆಳಕ್ಕೆ ಇಳಿಸಿ ನಿಲ್ಲಿಸುತ್ತಿದ್ದ ಆ ಸಿಳ್ಳೆ ಆಮೇಲೆ ಕೇಳಲಿಲ್ಲ. ಈ ಸಲ ಶುಂಠಿ ಬಿಟ್ಟರು, ಪೊದೆ ಎದ್ದಿದೆ, ಬಂಡೆಯ ಹತ್ತಿರ ಹೊಸದೊಂದು ಸಿಳ್ಳಾರ ಬಂದಿದೆ. ಮೊನ್ನೆ ಬೆಳಗಿನ ಜಾವ ನನ್ನ ಹೆಂಡತಿ ಎದ್ದು ಕೂತಳು. "ಇದು ಯಾವ ದಡದ್ದು ಅಂತ ಗೊತ್ತಾಗ್ತಾ ಇಲ್ಲ" ಅಂದಳು. ಕಿಟಕಿ ತೆಗೆದೆ. ಎರಡೂ ಕಡೆಯಿಂದ ಬರುತ್ತಿತ್ತು. ಎರಡೂ ಕೊನೆಯ ಸ್ವರವನ್ನು ಮೇಲಕ್ಕೇ ಎತ್ತಿ ಬಿಡುತ್ತಿದ್ದವು.

ನಮಸ್ಕಾರ.